ಸ್ವಿಚ್ ಆರಿಸಿ, ಆಮೇಲೆ ಕಿವಿಗೊಡಿ

ಯುಗಾದಿ ಕಳೆದ ಮೇಲೆ ದಾವಣಗೆರೆಯ ಮನೆಗಳಲ್ಲಿ ಫ್ಯಾನಿಗೆ ಹಗಲಿರುಳೂ ಬಿಡುವಿರುವುದಿಲ್ಲ. ಅದು ಸದ್ದು ಮಾಡತೊಡಗಿದರೆ ಹಲವರಿಗೆ ಮೊದಲು ನೆನಪಾಗುವುದು ಹೊಲಿಗೆ ಯಂತ್ರದ ಎಣ್ಣೆ. 1880ರ ದಶಕದಲ್ಲಿ ಅಮೆರಿಕದ ಫಿಲಿಪ್ ಡೀಲ್ ಹೊಲಿಗೆ ಯಂತ್ರದ ಮೋಟಾರನ್ನೇ ಮಾರ್ಪಡಿಸಿ ಸೂರಿಗೆ ತೂಗುಹಾಕಿ ಸೀಲಿಂಗ್ ಫ್ಯಾನ್ ಮಾಡಿದ್ದು ನಿಜ. ಆದರೆ ಇಂದಿನ ಫ್ಯಾನಿನ ಬೇರಿಂಗಿನೊಳಗೆ ಗ್ರೀಸ್ ತುಂಬಿರುತ್ತದೆ. ತೆಳು ಎಣ್ಣೆ ಆ ಗ್ರೀಸನ್ನು ಸಡಿಲಿಸುತ್ತದೆ, ಮೋಟಾರಿನೊಳಕ್ಕೆ ಇಳಿದು ಧೂಳನ್ನು ಅಂಟಿಸಿಕೊಳ್ಳುತ್ತದೆ. ಸದ್ದು ಎಲ್ಲಿಯದೆಂದು ತಿಳಿಯದೆ ಎಣ್ಣೆ ಬಿಡುವ ಈ ರೂಢಿಯನ್ನು ನಾವು ಬಿಡಲೇಬೇಕು.

ಸದ್ದಿನ ಮೂಲವನ್ನು ಪತ್ತೆ ಮಾಡಲು ಸ್ವಿಚ್ ಒಂದೇ ಸಾಕು. ಸದ್ದು ಕೇಳುತ್ತಿರುವಾಗಲೇ ಅದನ್ನು ಆರಿಸಬೇಕು. ಕರೆಂಟು ಆ ಕ್ಷಣವೇ ಹೋಗುತ್ತದೆ, ರೆಕ್ಕೆಗಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ತಿರುಗುತ್ತವೆ. ಸದ್ದೂ ಆ ಕ್ಷಣವೇ ಅಡಗಿದರೆ ಅದು ವಿದ್ಯುತ್ತಿನದು. ರೆಕ್ಕೆಗಳ ಜೊತೆಗೇ ನಿಧಾನವಾಗುತ್ತ ಹೋದರೆ ಯಂತ್ರಭಾಗಗಳದ್ದು.

ವಿದ್ಯುತ್ತಿನ ಗುಂಯ್ ಸದ್ದಿನ ಹಿಂದೆ ಸೊಗಸಾದ ಲೆಕ್ಕವಿದೆ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ಕಾಂತಧ್ರುವ ಯಾವುದೇ ಇರಲಿ, ಕಬ್ಬಿಣದ ಮೇಲೆ ಅದರ ಸೆಳೆತ ಒಂದೇ ಆದ್ದರಿಂದ ಪ್ರತಿ ಆವರ್ತದಲ್ಲಿ ಎರಡು ಸೆಳೆತಗಳಾಗಿ, ಮೋಟಾರು ಸೆಕೆಂಡಿಗೆ 100 ಬಾರಿ ಕಂಪಿಸುತ್ತದೆ. ಇಷ್ಟು ತಗ್ಗಿನ ಸದ್ದು ಕಿವಿಗೆ ಅಷ್ಟಾಗಿ ತಾಗದು. ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಇರುವ ರೆಗ್ಯುಲೇಟರು ವೇಗ ತಗ್ಗಿಸಲು ವಿದ್ಯುತ್ತಿನ ಪ್ರತಿ ಅರ್ಧ ಅಲೆಯ ಮೊದಲ ಭಾಗವನ್ನು ಕತ್ತರಿಸುತ್ತದೆ. ನುಣುಪಾದ ಅಲೆ ಕಡಿದಾದೊಡನೆ 200, 300ರ ಕಂಪನಗಳೂ ಬಲವಾಗಿ ಸೇರಿಕೊಳ್ಳುತ್ತವೆ, ಅವು ಕಿವಿಗೆ ಹೆಚ್ಚು ಸ್ಪಷ್ಟ. ವೇಗವನ್ನು ಪೂರ್ತಿ ಏರಿಸಿದಾಗ ಗುಂಯ್ ಅಡಗಿದರೆ ತಪ್ಪು ಫ್ಯಾನಿನದಲ್ಲ. ಕೆಪಾಸಿಟರ್ ಬಳಸುವ, ಹಂತ ಹಂತವಾಗಿ ತಿರುಗುವ ರೆಗ್ಯುಲೇಟರು ಹಾಕಿಸಿದರೆ ಆಯಿತು.

ಯಂತ್ರಭಾಗಗಳ ಸದ್ದಿನಲ್ಲಿ ಗರಗರ ಎಂಬುದು ಸವೆದ ಬೇರಿಂಗು, ಅದನ್ನು ಬದಲಿಸಬೇಕು. ಕಟಕಟ ಎಂಬುದು ಹೆಚ್ಚಾಗಿ ರೆಕ್ಕೆಯ ಸಡಿಲ ಸ್ಕ್ರೂ. ಫ್ಯಾನು ಓಲಾಡುತ್ತಿದ್ದರೆ ರೆಕ್ಕೆಗಳ ಅಂಚನ್ನು ನೋಡಿ. ಗಾಳಿಯನ್ನು ಸೀಳುವ ಅಂಚಿನಲ್ಲಿ ರಸ್ತೆಯ ಧೂಳೂ ಅಡುಗೆಮನೆಯ ಜಿಡ್ಡೂ ಕಪ್ಪು ಪಟ್ಟಿಯಾಗಿ ಕೂತಿರುತ್ತವೆ, ಎಲ್ಲ ರೆಕ್ಕೆಗಳಲ್ಲೂ ಒಂದೇ ಪ್ರಮಾಣದಲ್ಲಲ್ಲ. ನಿಮಿಷಕ್ಕೆ 360 ಸುತ್ತು ತಿರುಗುವ ಫ್ಯಾನಿನಲ್ಲಿ, ನಡುವಿನಿಂದ ಅರ್ಧ ಮೀಟರ್ ದೂರದಲ್ಲಿ ಕೂತ 10 ಗ್ರಾಂ ಹೆಚ್ಚಿನ ಕೊಳೆ, ಸುಮಾರು 700 ಗ್ರಾಂ ತೂಕದ ಬಲದಿಂದ ಫ್ಯಾನನ್ನು ಪಕ್ಕಕ್ಕೆ ಎಳೆಯುತ್ತದೆ. ಆ ಎಳೆತ ಸೆಕೆಂಡಿಗೆ ಆರು ಸಲ ದಿಕ್ಕು ಸುತ್ತುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದ ಮೇಲೂ ಓಲಾಟ ನಿಲ್ಲದಿದ್ದರೆ ಸೂರಿನಿಂದ ಪ್ರತಿ ರೆಕ್ಕೆಯ ತುದಿಗೆ ಟೇಪು ಹಿಡಿದು ಅಳೆಯಬೇಕು, ಬಾಗಿದ ರೆಕ್ಕೆ ಅಲ್ಲೇ ಸಿಕ್ಕಿಬೀಳುತ್ತದೆ. ಬಹುಕಾಲ ಓಲಾಡಿದ ಫ್ಯಾನಾದರೆ ಮೇನ್ ಸ್ವಿಚ್ ಆರಿಸಿ, ಮೇಲಿನ ಕಪ್ ಇಳಿಸಿ, ಕೊಂಡಿಯ ಬೋಲ್ಟೂ ಅದು ಜಾರದಂತೆ ತಡೆಯುವ ಸ್ಪ್ಲಿಟ್ ಪಿನ್ನೂ ಸ್ಥಳದಲ್ಲಿವೆಯೇ ಎಂದು ತಪ್ಪದೆ ನೋಡಬೇಕು. ಇಡೀ ಫ್ಯಾನಿನ ಭಾರ ನಿಂತಿರುವುದು ಅವುಗಳ ಮೇಲೆ.