ಐದು ನಿಮಿಷದ ಸರಾಸರಿಯಲ್ಲಿ ಕರಗಿಹೋಗುವ ಹದಿನೈದು ಸೆಕೆಂಡು

ನೆಟ್‌ವರ್ಕ್ ಕೈಕೊಡುತ್ತಿದೆ ಎಂದು ಸಿಬ್ಬಂದಿ ದೂರಿದಾಗಲೆಲ್ಲ ಐಟಿ ವಿಭಾಗದವರು ಮಾನಿಟರಿಂಗ್ ತಂತ್ರಾಂಶದ ಗ್ರಾಫ್ ತೆರೆದು, ಲಿಂಕಿನ ಬಳಕೆ ಶೇ. 15ನ್ನೂ ಮುಟ್ಟಿಲ್ಲವೆಂದು ತೋರಿಸಿ, ದೂರನ್ನು ಅಲ್ಲಿಗೇ ಮುಗಿಸುವುದನ್ನು ಎಷ್ಟೋ ಸಂಸ್ಥೆಗಳಲ್ಲಿ ನೋಡಿದ್ದೇನೆ. ಆ ಅಂಕಿ ಎಷ್ಟು ಹೊತ್ತಿನ ಸರಾಸರಿ ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ.

ನೆಟ್‌ವರ್ಕಿನ ಸಾಧನಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚಿನ ಪ್ರತಿ ಪೋರ್ಟಿನಲ್ಲೂ ಹಾದುಹೋದ ಬೈಟುಗಳನ್ನು ಎಣಿಸುವ ಕೌಂಟರ್ ಇರುತ್ತದೆ. ತಂತ್ರಾಂಶವು ಎಸ್‌ಎನ್‌ಎಂಪಿ ಎಂಬ, ನೆಟ್‌ವರ್ಕ್ ಸಾಧನಗಳಿಂದ ಮಾಹಿತಿ ಕೇಳಿ ಪಡೆಯುವ ವಿಧಾನದ ಮೂಲಕ ಅದನ್ನು ಸಾಮಾನ್ಯವಾಗಿ ಐದು ನಿಮಿಷಕ್ಕೊಮ್ಮೆ ಓದಿ, ಹಿಂದಿನ ಅಂಕಿಯನ್ನು ಅದರಿಂದ ಕಳೆದು, 300 ಸೆಕೆಂಡಿನಿಂದ ಭಾಗಿಸುತ್ತದೆ. 1995ರ ಎಂಆರ್‌ಟಿಜಿ ಎಂಬ ಗ್ರಾಫ್ ತಂತ್ರಾಂಶದ ಕಾಲದಿಂದಲೂ ಬಂದ ರೂಢಿಯಿದು. ಈಗ ಲೆಕ್ಕ ಹಾಕಿ ನೋಡಿ: ಒಂದು ಗಿಗಾಬಿಟ್ ಲಿಂಕು 15 ಸೆಕೆಂಡು ಪೂರ್ತಿ ತುಂಬಿ, ಉಳಿದ 285 ಸೆಕೆಂಡು ಶೇ. 10ರಷ್ಟೇ ಬಳಕೆಯಾದರೆ, ಗ್ರಾಫಿನಲ್ಲಿ ಕಾಣುವುದು ಶೇ. 14.5. ದತ್ತಾಂಶವನ್ನು ಹೊತ್ತೊಯ್ಯುವ ಸಣ್ಣ ತುಂಡುಗಳಾದ ಪ್ಯಾಕೆಟ್‌ಗಳಿಗೆ ಹದಿನೈದು ಸೆಕೆಂಡು ಬಹು ದೀರ್ಘ ಕಾಲ. ಹತ್ತು ಗಿಗಾಬಿಟ್ ವೇಗದಲ್ಲಿ ಬಂದ ದತ್ತಾಂಶವು ಒಂದು ಗಿಗಾಬಿಟ್ ಪೋರ್ಟಿನಿಂದ ಹೊರಹೋಗಬೇಕಾದಾಗ, ಸರದಿಯಲ್ಲಿ ಕಾಯುವ ಪ್ಯಾಕೆಟ್‌ಗಳನ್ನು ಹಿಡಿದಿಡುವ 12 ಮೆಗಾಬೈಟ್ ಬಫರ್ ಸುಮಾರು 11 ಮಿಲಿಸೆಕೆಂಡಿನಲ್ಲಿ ತುಂಬಿಬಿಡುತ್ತದೆ. ಆಮೇಲೆ ಬಂದ ಪ್ಯಾಕೆಟ್‌ಗಳನ್ನು ಸ್ವಿಚ್ಚು ಬಿಸಾಡುತ್ತದೆ.

ಒಂದು ಸಂಸ್ಥೆಯಲ್ಲಿ ಇದೇ ನೆಟ್‌ವರ್ಕಿನಲ್ಲಿ ಸಾಗುವ ದೂರವಾಣಿ ಕರೆಗಳ ಧ್ವನಿ ತುಂಡಾಗುತ್ತಿದೆ ಎಂಬ ದೂರು ಮೂರು ತಿಂಗಳಿಂದ ಇತ್ತು. ಸುಳಿವು ಸಿಕ್ಕಿದ್ದು ಗ್ರಾಹಕರ ಕರೆ ಸ್ವೀಕರಿಸುವ ಹೆಣ್ಣುಮಗಳೊಬ್ಬರ ನೋಟ್‌ಬುಕ್ಕಿನಲ್ಲಿ. ಯಾರೂ ಕೇಳದಿದ್ದರೂ ಅವರು ಪ್ರತಿ ಸಲದ ಹೊತ್ತನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಟ್ಟಿದ್ದರು: 10.00, 11.00, 12.00. ಅಷ್ಟು ಶ್ರದ್ಧೆಯ ದಾಖಲೆಯನ್ನು ಮೂರು ತಿಂಗಳು ಯಾರೂ ತೆರೆದು ನೋಡಿರಲಿಲ್ಲವೆಂಬುದು ನನಗೆ ಇಂದಿಗೂ ಬೇಸರದ ವಿಷಯ. ಮುಂದಿನ ಗಂಟೆಗೆ ಐದು ನಿಮಿಷವಿರುವಾಗ ಸ್ವಿಚ್ಚನ್ನು ಉಳಿದ ನೆಟ್‌ವರ್ಕಿಗೆ ಜೋಡಿಸುವ ಅಪ್‌ಲಿಂಕ್ ಪೋರ್ಟಿನ ಕೌಂಟರನ್ನು ಸೆಕೆಂಡಿಗೊಮ್ಮೆ ಓದತೊಡಗಿದೆ. ಗಂಟೆ ತುಂಬುತ್ತಿದ್ದಂತೆ ಎರಡು ಓದುಗಳ ನಡುವಿನ ಅಂತರ ಒಂದೂಕಾಲು ಕೋಟಿ ಬೈಟಿನಿಂದ ಹನ್ನೆರಡೂವರೆ ಕೋಟಿಯ ಹತ್ತಿರಕ್ಕೆ ಜಿಗಿಯಿತು. ಬಿಸಾಡಿದ ಪ್ಯಾಕೆಟ್‌ಗಳನ್ನು ಎಣಿಸುವ ಡಿಸ್ಕಾರ್ಡ್ ಕೌಂಟರ್ ಕೂಡ ಓಡತೊಡಗಿತು. ಗಂಟೆಗೊಮ್ಮೆ ತಾನೇ ಶುರುವಾಗುತ್ತಿದ್ದ ಬ್ಯಾಕಪ್ ಇದಕ್ಕೆ ಕಾರಣವಾಗಿತ್ತು.

ಹಳೆಯ ಗ್ರಾಫ್‌ಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಎಂಆರ್‌ಟಿಜಿ ವಾರದ ಗ್ರಾಫಿಗೆ 30 ನಿಮಿಷದ, ತಿಂಗಳದ್ದಕ್ಕೆ ಎರಡು ಗಂಟೆಯ, ವರ್ಷದ್ದಕ್ಕೆ ಇಡೀ ದಿನದ ಸರಾಸರಿಯನ್ನು ಬಳಸುತ್ತದೆ. ವಾರ್ಷಿಕ ಗ್ರಾಫನ್ನು ಮುಂದಿಟ್ಟುಕೊಂಡು ಲಿಂಕಿನ ಸಾಮರ್ಥ್ಯ ನಿರ್ಧರಿಸುವವರು ರಾತ್ರಿಯ ಖಾಲಿ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕುತ್ತಿದ್ದಾರೆ. ಸರಾಸರಿಯ ಜೊತೆಗೆ ಗರಿಷ್ಠ ಮೌಲ್ಯವನ್ನೂ ಉಳಿಸಿಡುವಂತೆ ತಂತ್ರಾಂಶವನ್ನು ಹೊಂದಿಸಬಹುದು, ದಯವಿಟ್ಟು ಹೊಂದಿಸಿ. 32 ಬಿಟ್ ಕೌಂಟರನ್ನು ಓದುತ್ತಿದ್ದರೆ ಅದನ್ನೂ ಬದಲಿಸಿ. ಪೂರ್ಣ ವೇಗದ ಗಿಗಾಬಿಟ್ ಲಿಂಕಿನಲ್ಲಿ ಅದು ಸುಮಾರು 34 ಸೆಕೆಂಡಿಗೆ ತುಂಬಿ ಮತ್ತೆ ಸೊನ್ನೆಯಿಂದ ಎಣಿಸತೊಡಗುವುದರಿಂದ ಐದು ನಿಮಿಷದ ಲೆಕ್ಕವೇ ತಪ್ಪಾಗುತ್ತದೆ.

ಹಾಗೆಂದು ಎಲ್ಲ ಪೋರ್ಟುಗಳನ್ನೂ ಸೆಕೆಂಡಿಗೊಮ್ಮೆ ಓದಿಸಬೇಡಿ, ಸ್ವಿಚ್ಚಿನ ಪ್ರೊಸೆಸರ್ ಮೇಲೆ ಭಾರ ಬೀಳುತ್ತದೆ. ಕೆಲವು ಸಾಧನಗಳು ಕೌಂಟರನ್ನು ಕೆಲವು ಸೆಕೆಂಡಿಗೊಮ್ಮೆ ಮಾತ್ರ ನವೀಕರಿಸುವುದರಿಂದ ಅಲ್ಲಿ ಅದರಿಂದ ಪ್ರಯೋಜನವೂ ಇಲ್ಲ. ಡಿಸ್ಕಾರ್ಡ್ ಹೆಚ್ಚಿದ್ದಕ್ಕೆ ಬಫರ್ ತುಂಬಿದ್ದೇ ಕಾರಣವೆಂದೂ ಎಲ್ಲ ಸಂದರ್ಭದಲ್ಲಿ ಹೇಳಲಾಗದು. ದೂರು ಬಂದ ದಾರಿಯಲ್ಲಿರುವ ಅಪ್‌ಲಿಂಕ್‌ಗಳನ್ನಷ್ಟೇ ಆರಿಸಿ, ಸ್ವಲ್ಪ ಕಾಲ ಹತ್ತಿರದಿಂದ ಗಮನಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಆ ಸಂಸ್ಥೆಯಲ್ಲಿ ಬ್ಯಾಕಪ್ಪಿನ ವೇಗಕ್ಕೆ ಮಿತಿ ಹಾಕಿ, ಧ್ವನಿಯ ಪ್ಯಾಕೆಟ್‌ಗಳಿಗೆ ಆದ್ಯತೆ ಕೊಟ್ಟೆವು. ಅಷ್ಟೇ ದತ್ತಾಂಶ ನಿಧಾನವಾಗಿ ಹರಿಯತೊಡಗಿತು. ಡಿಸ್ಕಾರ್ಡ್ ಕೌಂಟರ್ ನಿಂತಿತು, ಕರೆಗಳು ಸರಿಹೋದವು. ಐದು ನಿಮಿಷದ ಗ್ರಾಫ್ ಮಾತ್ರ ಮೊದಲಿನಂತೆಯೇ ಶೇ. 14.5ರ ಆಸುಪಾಸಿನಲ್ಲಿತ್ತು.