ಮಲೇರಿಯಾ ಕಡಿಮೆಯಾದಾಗಲೇ ಅಪಾಯ ಜಾಸ್ತಿ

1963ರಲ್ಲಿ ಇಡೀ ಶ್ರೀಲಂಕಾದಲ್ಲಿ ಪತ್ತೆಯಾದ ಮಲೇರಿಯಾ ಪ್ರಕರಣಗಳು ಬರೀ 17. ಅದಕ್ಕೂ ಹಿಂದಿನ ದಶಕಗಳಲ್ಲಿ ಅಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಜನ ಈ ಜ್ವರಕ್ಕೆ ಹಾಸಿಗೆ ಹಿಡಿಯುತ್ತಿದ್ದರು. ಇನ್ನೇನು ಮುಗಿಯಿತು ಅಂದುಕೊಂಡು ಸೊಳ್ಳೆ ಕೊಲ್ಲುವ ಡಿಡಿಟಿ ಕೀಟನಾಶಕ ಸಿಂಪಡಿಸುವುದನ್ನು ನಿಲ್ಲಿಸಿದರು. 1968–69ರ ಹೊತ್ತಿಗೆ ಪ್ರಕರಣಗಳು ಐದು ಲಕ್ಷ ದಾಟಿದ್ದವು. ಮತ್ತೆ ಸಿಂಪಡಿಸಲು ಹೋದರೆ, ಡಿಡಿಟಿಗೆ ಬಗ್ಗದ ಸೊಳ್ಳೆಗಳು ಹುಟ್ಟಿಕೊಂಡಿದ್ದವು.

ಮಲೇರಿಯಾ ವಿರುದ್ಧ ಜಗತ್ತು ನಡೆಸಿದ ಹೋರಾಟದ ದೊಡ್ಡ ಪಾಠ ಇಲ್ಲೇ ಇದೆ ಅನ್ನಿಸುತ್ತದೆ. ರೋಗ ಕಣ್ಣಿಗೆ ಬೀಳದಷ್ಟು ಕಡಿಮೆಯಾದಾಗ ಹಣವೂ ಹೋಗುತ್ತದೆ, ಗಮನವೂ ಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಮಲೇರಿಯಾ ನಿರ್ಮೂಲನೆಗೆ ಕೈಹಾಕಿದ್ದು 1955ರಲ್ಲಿ. ಯೋಜನೆ ಸರಳವಾಗಿತ್ತು. ಮಲೇರಿಯಾ ಹರಡುವ ಅನಾಫಿಲಿಸ್ ಹೆಣ್ಣು ಸೊಳ್ಳೆ ರಾತ್ರಿ ರಕ್ತ ಹೀರಿ, ಹೊಟ್ಟೆ ಭಾರವಾಗಿ ಹತ್ತಿರದ ಗೋಡೆ ಮೇಲೆ ಕೂರುತ್ತದೆ. ರಕ್ತದ ಜೊತೆ ಒಳಗೆ ಹೋದ ರೋಗಾಣು ಮತ್ತೊಬ್ಬರಿಗೆ ಹರಡುವಷ್ಟು ಬೆಳೆಯಲು ಸುಮಾರು ಹತ್ತು ದಿನ ಅಥವಾ ಇನ್ನೂ ಜಾಸ್ತಿ ಬೇಕು. ಗೋಡೆಗೆ ಡಿಡಿಟಿ ಹೊಡೆದಿದ್ದರೆ ಅಷ್ಟರೊಳಗೆ ಸೊಳ್ಳೆ ಸಾಯುತ್ತದೆ. ಹೀಗೆ ಕೆಲವು ವರ್ಷ ಹರಡುವಿಕೆ ತಡೆದರೆ ಜನರ ರಕ್ತದಲ್ಲಿರುವ ರೋಗಾಣುವೂ ಮುಗಿದುಹೋಗುತ್ತದೆ. ಆಮೇಲೆ ಜ್ವರ ಬಂದವರ ರಕ್ತ ಪರೀಕ್ಷೆ ಮಾಡುತ್ತಾ, ಉಳಿದ ಒಂದೊಂದು ಪ್ರಕರಣವನ್ನೂ ಹುಡುಕಿ ಚಿಕಿತ್ಸೆ ಕೊಟ್ಟರೆ ಸಾಕು.

ಈ ಕೊನೆಯ ಕೆಲಸವೇ ಕೈಕೊಟ್ಟಿತು. ಸಿಂಪಡಣೆಯ ತಂಡ ಹಳ್ಳಿಗೆ ಬಂದು ಹೋಗಬಹುದು. ಆದರೆ ಜ್ವರ ಬಂದವರನ್ನೆಲ್ಲ ವರ್ಷಗಟ್ಟಲೆ ಹುಡುಕಲು ಅಲ್ಲೇ ಇರುವ ಆರೋಗ್ಯ ಸಿಬ್ಬಂದಿ ಬೇಕು, ಅಲ್ವಾ? ಬಹಳ ಕಡೆ ಅವರೇ ಇರಲಿಲ್ಲ. ಭಾರತದಲ್ಲೂ ಹೀಗೇ ಆಯಿತು. ವರ್ಷಕ್ಕೆ ಸುಮಾರು 7.5 ಕೋಟಿ ಇದ್ದ ಪ್ರಕರಣಗಳು 1960ರ ದಶಕದ ಮಧ್ಯದಲ್ಲಿ ಒಂದು ಲಕ್ಷದ ಆಸುಪಾಸಿಗೆ ಇಳಿದವು, 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿದವು. ಯುರೋಪಿನಲ್ಲಿ ಮಲೇರಿಯಾ ತೊಲಗಿತು ನಿಜ. ಆದರೆ ರೋಗ ಅತಿ ಹೆಚ್ಚಿದ್ದ ಸಹಾರಾ ದಕ್ಷಿಣದ ಆಫ್ರಿಕಾವನ್ನು ಬಹುಪಾಲು ಹೊರಗೇ ಇಟ್ಟು ಇದನ್ನು ಜಗತ್ತಿನ ಕಾರ್ಯಕ್ರಮ ಅಂತ ಕರೆದರು. ಇದನ್ನು ಸಣ್ಣ ಲೋಪ ಅಂತ ತಳ್ಳಿಹಾಕಲು ನನ್ನಿಂದಾಗದು. 1969ರಲ್ಲಿ ಸಂಸ್ಥೆ ನಿರ್ಮೂಲನೆಯ ಗುರಿಯನ್ನು ಪಕ್ಕಕ್ಕಿಟ್ಟು ನಿಯಂತ್ರಣದ ದಾರಿ ಹಿಡಿಯಿತು.

ಮುಂದಿನ ಎರಡು ಮೂರು ದಶಕ ಕೆಟ್ಟ ಕಾಲ. ಅಗ್ಗದ ಕ್ಲೋರೋಕ್ವಿನ್ ಮಾತ್ರೆ ಕೆಲಸ ಮಾಡುವುದನ್ನು ನಿಲ್ಲಿಸಿತು. ಔಷಧಕ್ಕೆ ಜಗ್ಗದ ರೋಗಾಣು ಅದಕ್ಕೂ ಮೊದಲೇ ಥಾಯ್ಲೆಂಡ್–ಕಾಂಬೋಡಿಯಾ ಗಡಿಯಲ್ಲಿ ಮತ್ತು ಕೊಲಂಬಿಯಾದಲ್ಲಿ ಕಾಣಿಸಿಕೊಂಡಿತ್ತು, ಆಮೇಲೆ ಆಫ್ರಿಕಾಕ್ಕೂ ಹರಡಿತು. ಹೆಚ್ಚಾಗಿ ಸತ್ತದ್ದು ಪುಟ್ಟ ಮಕ್ಕಳು.

ಜಗತ್ತು ಮತ್ತೆ ಎಚ್ಚೆತ್ತದ್ದು 1998ರ ನಂತರ. 2002ರಲ್ಲಿ ಏಡ್ಸ್, ಕ್ಷಯ, ಮಲೇರಿಯಾ ವಿರುದ್ಧದ ಕೆಲಸಕ್ಕೆ ಹಣ ಕೊಡುವ ಗ್ಲೋಬಲ್ ಫಂಡ್ ಬಂತು. ಚೀನಾದ ತು ಯೂಯೂ ಅವರ ಸಂಶೋಧನೆಯಿಂದ ಸಿಕ್ಕ ಆರ್ಟಿಮಿಸಿನಿನ್ ಔಷಧ ಹಳ್ಳಿಗಳನ್ನು ತಲುಪಿತು. ಕೀಟನಾಶಕ ಹಾಕಿದ ಸೊಳ್ಳೆಪರದೆಗಳನ್ನು ಕೋಟಿಗಟ್ಟಲೆ ಹಂಚಿದರು. 2000ದಿಂದ 2015ರವರೆಗೆ ಆಫ್ರಿಕಾದಲ್ಲಿ ತಪ್ಪಿದ ಪ್ರಕರಣಗಳಲ್ಲಿ ಮೂರನೇ ಎರಡರಷ್ಟು ಈ ಪರದೆಗಳಿಂದಲೇ ತಪ್ಪಿದವು ಎಂಬ ಅಂದಾಜಿದೆ. 2007ರಲ್ಲಿ ಬಿಲ್ ಮತ್ತು ಮೆಲಿಂಡಾ ಗೇಟ್ಸ್ ನಿರ್ಮೂಲನೆಯ ಗುರಿಯನ್ನು ಮತ್ತೆ ಜಗತ್ತಿನ ಮುಂದಿಟ್ಟರು.

ಶ್ರೀಲಂಕಾ ಈ ಸಲ ಮೈಮರೆಯಲಿಲ್ಲ. ಅಂತರ್ಯುದ್ಧದ ನಡುವೆಯೂ ಸಂಚಾರಿ ತಂಡಗಳು ಜ್ವರ ಬಂದವರ ಬೆರಳ ತುದಿಯಿಂದ ರಕ್ತ ತೆಗೆದು ಪರೀಕ್ಷಿಸುತ್ತಿದ್ದವು. ಸ್ಥಳೀಯವಾಗಿ ಹರಡಿದ ಕೊನೆಯ ಪ್ರಕರಣ ಸಿಕ್ಕಿದ್ದು 2012ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ಬಂದದ್ದು 2016ರಲ್ಲಿ. ಹೊರದೇಶದಿಂದ ಬಂದ ಒಬ್ಬರಲ್ಲಿ ಸೋಂಕು ಕಂಡರೂ ಈಗಲೂ ಅದರ ಬೆನ್ನು ಹತ್ತುತ್ತಾರೆ. ಚೀನಾ 2021ರಲ್ಲಿ, ಈಜಿಪ್ಟ್ 2024ರಲ್ಲಿ ಮಲೇರಿಯಾ ಮುಕ್ತ ದೇಶಗಳ ಪಟ್ಟಿಗೆ ಸೇರಿದವು.

ಆದರೆ 2015ರಿಂದೀಚೆಗೆ ಜಗತ್ತಿನ ಒಟ್ಟು ಲೆಕ್ಕ ಸುಧಾರಿಸಿಲ್ಲ. 2023ರಲ್ಲಿ ಸುಮಾರು 26.3 ಕೋಟಿ ಪ್ರಕರಣಗಳು, 5.97 ಲಕ್ಷ ಸಾವುಗಳು. ಸಾವುಗಳಲ್ಲಿ ಶೇ 95ರಷ್ಟು ಆಫ್ರಿಕಾದಲ್ಲೇ. ಪೂರ್ವ ಆಫ್ರಿಕಾದ ಕೆಲವೆಡೆ ರೋಗಾಣು ಆರ್ಟಿಮಿಸಿನಿನ್‌ಗೂ ಜಗ್ಗದಂತಾಗುತ್ತಿದೆ. ನಗರದ ನೀರಿನ ಟ್ಯಾಂಕುಗಳಲ್ಲೂ ಬೆಳೆಯುವ ಏಷ್ಯಾದ ಸ್ಟೀಫೆನ್ಸಿ ಸೊಳ್ಳೆ 2012ರಲ್ಲಿ ಆಫ್ರಿಕಾದ ಜಿಬೂತಿ ದೇಶದಲ್ಲಿ ಕಾಣಿಸಿಕೊಂಡು ಅಕ್ಕಪಕ್ಕದ ದೇಶಗಳಿಗೂ ಹಬ್ಬಿದೆ. ಎರಡು ಲಸಿಕೆಗಳಿಗೆ 2021 ಮತ್ತು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಸಿಕ್ಕಿದೆ. ಅವು ಮಕ್ಕಳ ಜೀವ ಉಳಿಸುತ್ತವೆ, ಆದರೆ ರೋಗ ಹರಡುವುದನ್ನು ಅವೊಂದೇ ನಿಲ್ಲಿಸಲಾರವು.

ಮಲೇರಿಯಾ ವಿರುದ್ಧದ ಕೆಲಸಕ್ಕೆ 2023ರಲ್ಲಿ ಬೇಕಿದ್ದದ್ದು 830 ಕೋಟಿ ಡಾಲರ್, ಸಿಕ್ಕಿದ್ದು ಸುಮಾರು 400 ಕೋಟಿ. ಎಲ್ಲರಿಗಿಂತ ಜಾಸ್ತಿ ಹಣ ಕೊಡುತ್ತಿದ್ದ ಅಮೆರಿಕ 2025ರಲ್ಲಿ ವಿದೇಶಿ ನೆರವಿಗೆ ಕತ್ತರಿ ಹಾಕಿತು. ಹಲವು ದೇಶಗಳಲ್ಲಿ ಪರದೆ ಹಂಚುವುದೂ ಸಿಂಪಡಣೆಯೂ ತಡವಾದವು. ಒಂದು ಪರದೆ ಬಾಳಿಕೆ ಬರುವುದು ಸಾಮಾನ್ಯವಾಗಿ ಎರಡು ಮೂರು ವರ್ಷ.