ಹೆಪ್ಪು ಬೀಳದ ಹಾಲು

"ಬೆಳಗ್ಗೆಯಿಂದ ಒಂದು ತುತ್ತು ಹಾಕಿಲ್ಲ ನನ್ನ ಸೊಸೆ." ಅಜ್ಜಿ ಪಕ್ಕದ ಮನೆಯವರ ಹತ್ತಿರ ದೂರುತ್ತಿದ್ದರು. ಒಳಗೆ ಅಮ್ಮ ತೊಳೆಯುತ್ತಿದ್ದದ್ದು ಅಜ್ಜಿ ಉಂಡೆದ್ದ ತಟ್ಟೆಯನ್ನೇ!

"ಸುಮ್ನೆ ನಾಟಕ" ಅಂದರು ಕೆಲವರು. "ಅರವತ್ತಕ್ಕೆ ಅರಳು ಮರಳು" ಅಂದರು ಇನ್ನು ಕೆಲವರು. ಒಬ್ಬರಂತೂ ನಿಂಬೆಹಣ್ಣು ಮಂತ್ರಿಸಿ ತಂದುಕೊಟ್ಟರು. ನಿಂಬೆಹಣ್ಣು ಪಾನಕಕ್ಕಾಯಿತು. ಮಾಡಿಸಬೇಕಾದದ್ದು ವಿಟಮಿನ್ ಬಿ12, ಥೈರಾಯ್ಡ್ ಪರೀಕ್ಷೆ. ಅವು ಕಮ್ಮಿಯಾದರೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ.

ಆ ಗಾದೆ ಕೇಳಿದರೆ ನನಗೆ ಸಿಟ್ಟು. ಡಿಮೆನ್ಶಿಯಾ, ಅಂದರೆ ಅಜ್ಜಿಗೆ ಬಂದಿರುವಂಥ ಮರೆವು, ಮುಪ್ಪಿನ ಗುಣವಲ್ಲ, ಮಿದುಳಿನ ಕಾಯಿಲೆ. 1901ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಡಾಕ್ಟರ್ ಅಲೋಯಿಸ್ ಅಲ್ಝೈಮರ್ ಮುಂದೆ ಕೂತ ಮರೆವಿನ ರೋಗಿ ಆಗಸ್ಟೆ ಡೀಟರ್‌ಗೆ ಬರೀ 51 ವರ್ಷ.

ಆ ಡಾಕ್ಟರ ಹೆಸರೇ ಹೊತ್ತ ಅಲ್ಝೈಮರ್ ಕಾಯಿಲೆ ಡಿಮೆನ್ಶಿಯಾದ ಒಂದು ಬಗೆ. ಅದು ಸಾಮಾನ್ಯವಾಗಿ ಮೊದಲು ಕೈಹಾಕುವುದು ಮಿದುಳಿನಲ್ಲಿ ಹೊಸ ನೆನಪು ಕಟ್ಟುವ ಹಿಪ್ಪೊಕ್ಯಾಂಪಸ್ ಮತ್ತು ಅದರ ಆಸುಪಾಸಿಗೆ. 1587ರಲ್ಲಿ ಇಟಲಿಯ ಅಂಗರಚನಾ ತಜ್ಞ ಅರಾಂಟಿಯಸ್‌ಗೆ ಹಿಪ್ಪೊಕ್ಯಾಂಪಸ್ ಸಮುದ್ರಕುದುರೆಯ ಹಾಗೆ ಕಂಡಿತು, ಅದೇ ಹೆಸರು ನಿಂತಿತು. ನನ್ನನ್ನು ಕೇಳಿದ್ದರೆ 'ಹೆಪ್ಪು' ಅನ್ನುತ್ತಿದ್ದೆ. ಈ ಹೊತ್ತಿನ ಅನುಭವ ಹಾಲಿದ್ದಂತೆ. ಹೆಪ್ಪು ಬಿದ್ದರೆ ಮೊಸರು, ಇಲ್ಲದಿದ್ದರೆ ಒಡೆದು ಹೋಗುತ್ತದೆ. ಅಜ್ಜಿಯ ಮದುವೆ ದಿನ ಯಾವತ್ತೋ ಗಟ್ಟಿ ಮೊಸರಾಗಿ ಕೂತಿದೆ. ಇವತ್ತಿನ ಉಪ್ಪಿಟ್ಟಿಗೆ ಹೆಪ್ಪೇ ಬೀಳಲಿಲ್ಲ. ಹೀಗೂ ಹೇಳಬಹುದು: ಹಳೇ ಕಡತಗಳೆಲ್ಲ ತಾಲೂಕು ಕಚೇರಿಯಲ್ಲಿವೆ, ಹೊಸದನ್ನು ಬರೆಯುವ ಶಾನುಭೋಗನೇ ಊರು ಬಿಟ್ಟಿದ್ದಾನೆ. ಅಂದರೆ ಅಜ್ಜಿ ಸುಳ್ಳು ಹೇಳುತ್ತಿಲ್ಲ. ಆ ಊಟ ಅವರ ಲೆಕ್ಕಕ್ಕೆ ಸೇರಲೇ ಇಲ್ಲ. ಕಾಯಿಲೆ ಜಾಸ್ತಿಯಾದಂತೆ ಹಳೇ ಕಡತಕ್ಕೂ ಗೆದ್ದಲು ಹಿಡಿಯುತ್ತದೆ, ಅದು ಬೇರೆ ಮಾತು.

1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್‌ಗೆ ಮೂರ್ಛೆರೋಗಕ್ಕೆಂದು ಆಪರೇಷನ್ ಮಾಡಿ, ಹಿಪ್ಪೊಕ್ಯಾಂಪಸ್‌ನ ದೊಡ್ಡ ಭಾಗವನ್ನೇ ತೆಗೆದರು. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್, ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದಲು ಹೆನ್ರಿಗೆ ಕೊಟ್ಟರು. ಮೂರು ದಿನದಲ್ಲಿ ಕೈ ಪಳಗಿತು. ಆದರೆ ಹಿಂದಿನ ದಿನ ಅದನ್ನು ಮಾಡಿದ್ದೇ ಅವರಿಗೆ ನೆನಪಿಲ್ಲ! ಕೈ ಕಲಿಯುವ ದಾರಿಯೇ ಬೇರೆ.

ನಾವೂ ಅಜ್ಜಿ ಮುಂದೆ ಮಲ್ಲಿಗೆ ಮೊಗ್ಗು, ನೆನೆಸಿದ ಬಾಳೆನಾರು ಇಟ್ಟೆವು. ಎರಡು ಮೊಗ್ಗು ಆ ಕಡೆ, ಎರಡು ಈ ಕಡೆ, ಬೆರಳಿನಲ್ಲೊಂದು ಸುತ್ತು, ಎಳೆತ. ನನ್ನ ಹೆಸರು ಗೊತ್ತಿಲ್ಲದ ಅಜ್ಜಿ ಎರಡು ಮೊಳ ಕಟ್ಟಿಟ್ಟರು.

ಬಂದ ನೆಂಟರದ್ದು ಮಾತ್ರ ಒಂದೇ ಪರೀಕ್ಷೆ: "ನಾನು ಯಾರು ಹೇಳಿ ನೋಡೋಣ?" ಅಜ್ಜಿ ಸೆರಗಿನ ತುದಿ ಹಿಂಡುತ್ತಾ ಕೂರುತ್ತಾರೆ. ಐಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಝೈಮರ್ ಇರುವವರಿಗೆ ದುಃಖದ ಸಿನಿಮಾ ತುಣುಕುಗಳನ್ನು ತೋರಿಸಿದ್ದರು. ನೋಡಿದ್ದು ಮರೆತರೂ ದುಃಖ ಉಳಿದಿತ್ತು. ನೆಂಟರು ಕಾಫಿ ಕುಡಿದು ಹೋಗುತ್ತಾರೆ. ಅಜ್ಜಿಯ ಸಂಜೆಯೆಲ್ಲ ಸಪ್ಪೆ. ಯಾಕೆ ಅಂತ ಅವರಿಗೇ ಗೊತ್ತಿರುವುದಿಲ್ಲ.

ಅಮ್ಮ ಈಗ ವಾದಕ್ಕೆ ಇಳಿಯುವುದಿಲ್ಲ. "ಹೌದಾ ಅತ್ತೆ? ಇಷ್ಟು ಹೂವು ಕಟ್ಟುತ್ತಿರಿ, ಅನ್ನ ಆಗುತ್ತೆ" ಅನ್ನುತ್ತಾಳೆ. ಕೆಲವು ಸಲ ಅಷ್ಟರಲ್ಲಿ ಊಟದ ಮಾತೇ ಹೋಗಿರುತ್ತದೆ. ಹೋಗದಿದ್ದರೆ ಅರ್ಧ ಬಾಳೆಹಣ್ಣು.